ಸ್ಟುಡಿಯೋ ಮಾವನ ಬಗ್ಗೆ ನಾನು ಬರೆದ ಒಂದು ವಾಕ್ಯ

ಫರಂಗಿಪೇಟೆಯಲ್ಲಿ ನಿಂತ ಬಸ್ಸು ಬೇಗ ಹೊರಡುವುದಿಲ್ಲ ಎಂಬುದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಆವತ್ತು ನಾನು ಮಂಗಳೂರಿನಲ್ಲಿ ಹೊಸ ಕನ್ನಡಕ ತೆಗೆದುಕೊಂಡು ಬರುತ್ತಿದ್ದೆ. ಕನ್ನಡಕ ಹೊಸತಾದ ದಿವಸ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಪಲವೊಂದು ಬರುತ್ತದೆ ನೋಡಿ. ಬೇಕರಿಯ ಬೋರ್ಡು ಓದಿದೆ, ಔಷಧಿ ಅಂಗಡಿಯ ಬೋರ್ಡು ಓದಿದೆ, ಕಲ್ಯಾಣ ಮಂಟಪದ ಜಾಹೀರಾತು ಓದಿದೆ. ಅದರ ಪಕ್ಕದಲ್ಲಿ ಬಸ್ಸಿನಷ್ಟೇ ಎತ್ತರದ ಫ್ಲೆಕ್ಸಿನಲ್ಲಿ ಸ್ಟುಡಿಯೋ ಮಾವ ನಿಂತಿದ್ದರು. ಬಿಳಿ ಜುಬ್ಬಾ, ಎಡಗೈಯಲ್ಲಿ ದಪ್ಪ ವಾಚು, ತೀರಿಕೊಂಡು ಇಷ್ಟು ವರ್ಷವಾದರೂ ಒಂದು ಕೂದಲೂ ಹಾರದಂತೆ ಬಾಚಿದ ತಲೆ. ಮೇಲೆ ‘ಜನ್ಮಶತಮಾನೋತ್ಸವ’ ಎಂದಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ವಾಕ್ಯ: ‘ತುಳುನಾಡಿನ ಎಷ್ಟೋ ಕಂಠಗಳಿಗೆ ಬೆಳ್ಳಿತೆರೆಯಲ್ಲಿ ದನಿ ಕೊಟ್ಟ ಧೀಮಂತ.’

ಓದಿದ ಕೂಡಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ, ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಮುಖ ನೋಡಿ ನೀರಿನ ಬಾಟಲಿ ಕೊಡಲು ಬಂದಳು. ಇಂಥ ಹಸಿ ಸುಳ್ಳನ್ನು ರಸ್ತೆಯ ಬದಿಯಲ್ಲಿ ನಿಲ್ಲಿಸಲು ಯಾರಿಗೆ ಮನಸ್ಸು ಬಂತು ಎಂದು ಹಲ್ಲು ಕಡಿದುಕೊಂಡೆ. ಬಿ.ಸಿ. ರೋಡ್ ಬರುವಷ್ಟರಲ್ಲಿ ನೆನಪಾಯಿತು. ಅದನ್ನು ಬರೆದವಳು ನಾನೇ.

ಮೂವತ್ತೈದು ವರ್ಷ ಮೂಡುಬಿದಿರೆಯ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳ ಪುಸ್ತಕದಲ್ಲಿ ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬೈದವಳು. ನನ್ನ ಜೀವಮಾನದ ದೊಡ್ಡ ತಪ್ಪನ್ನು ಮಾತ್ರ ಯಾರೂ ಸುತ್ತು ಹಾಕಿ ತೋರಿಸಿರಲಿಲ್ಲ. ಈಗ ನಾನೇ ಹಾಕಬೇಕಾಗಿದೆ. ಅದಕ್ಕೆ ಮೊದಲು ಸ್ಟುಡಿಯೋ ಮಾವ ಯಾರು ಎಂದು ನಿಮಗೆ ಹೇಳಬೇಕು.

ಅವರ ಹೆಸರು ಪದ್ಮನಾಭ ರಾವ್. ನನ್ನ ಅಮ್ಮನ ದೊಡ್ಡಪ್ಪನ ಮಗ, ಸಿದ್ಧಕಟ್ಟೆಯವರು. ಹದಿನಾರನೆಯ ವಯಸ್ಸಿನಲ್ಲಿ, ಮದ್ರಾಸಿನ ಹೋಟೆಲೊಂದರಲ್ಲಿ ಅಡುಗೆಗಿದ್ದ ಸಂಬಂಧಿಕರ ಹಿಂದೆ ಹೋದವರು. ಮೊದಲು ಲೋಟ ತೊಳೆದರಂತೆ. ಆಮೇಲೆ ಹತ್ತಿರದ ಸಿನಿಮಾ ಸ್ಟುಡಿಯೋಕ್ಕೆ ಕಾಫಿ ಹೊತ್ತರಂತೆ. ಅಲ್ಲಿ ಯಾರಿಗೆ ಸಕ್ಕರೆ ಬೇಡ, ಯಾರಿಗೆ ಡಿಕಾಕ್ಷನ್ ಹೆಚ್ಚು ಬೇಕು ಎಂಬುದನ್ನು ಒಂದೇ ವಾರದಲ್ಲಿ ಬಾಯಿಪಾಠ ಮಾಡಿಕೊಂಡ ಹುಡುಗನನ್ನು ಸ್ಟುಡಿಯೋದ ಯಜಮಾನರು ಗುರುತಿಸಿ, ಸಾಮಾನಿನ ಕೋಣೆಯ ಬೀಗದ ಕೈ ಕೊಟ್ಟರು. ತಮಿಳು ಬಂತು, ತೆಲುಗು ಬಂತು, ಇಂಗ್ಲಿಷ್ ಹೇಗೋ ಬಂತು. ಮೂವತ್ತೆಂಟು ತುಂಬುವ ಹೊತ್ತಿಗೆ ಅವರು ಆ ಸ್ಟುಡಿಯೋದ ಜನರಲ್ ಮ್ಯಾನೇಜರ್.

ಆ ಕುರ್ಚಿಯ ತೂಕ ಇವತ್ತಿನವರಿಗೆ ಅರ್ಥವಾಗುವುದು ಕಷ್ಟ. ಆಗ ಕನ್ನಡ ಸಿನಿಮಾ ಮಾಡುವವರು ಕೂಡ ಮದ್ರಾಸಿಗೇ ಹೋಗಬೇಕಿತ್ತು. ಸೆಟ್ ಹಾಕಿ ಚಿತ್ರೀಕರಣ ಮಾಡುವ ದೊಡ್ಡ ಶೆಡ್ಡಿಗೆ ಫ್ಲೋರ್ ಎಂದು ಹೆಸರು. ಮಾವನ ಕೈಯಲ್ಲಿ ಅಂಥ ನಾಲ್ಕು ಫ್ಲೋರುಗಳಿದ್ದವು. ಯಾವ ಫ್ಲೋರು ಯಾರಿಗೆ ಯಾವಾಗ ಎಂದು ಅವರು ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು, ಅದೂ ಪೆನ್ಸಿಲಿನಲ್ಲಿ. ಅವರನ್ನು ಕಾಯಿಸಿದ ನಿರ್ಮಾಪಕನ ಹೆಸರು ರಬ್ಬರಿಗೆ ಹೋಗುತ್ತಿತ್ತು. ದೊಡ್ಡ ನಾಯಕನಟನೊಬ್ಬ ಮೇಕಪ್ಪು ಮುಗಿಸಿಯೂ ಎರಡು ಗಂಟೆ ಹೊರಗೆ ಬಾರದಿದ್ದಾಗ, ಮಾವ ಇಡೀ ಫ್ಲೋರಿನ ದೀಪ ಆರಿಸಿ ಬಾಗಿಲಿಗೆ ಬೀಗ ಜಡಿದು ಊಟಕ್ಕೆ ಹೋದರಂತೆ. ಮರುದಿವಸ ನಟ ಏಳು ಗಂಟೆಗೇ ಬಂದು ಬೀಗದ ಎದುರು ನಿಂತಿದ್ದನಂತೆ. ಈ ಕತೆಯನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ಅನ್ನ ಕಲಸಿ ತಿನ್ನಿಸುವಾಗ ಹೇಳುತ್ತಿದ್ದರು. ಕತೆ ನಿಜವೇ ಇರಬೇಕು. ಅವರ ಸಾಮರ್ಥ್ಯದ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಲೋಟ ತೊಳೆದ ಕೈ ನಾಲ್ಕು ಫ್ಲೋರನ್ನು ಆಳಿತು ಎನ್ನುವುದು ಸಣ್ಣ ಸಂಗತಿಯಲ್ಲ. ಆದರೆ ಲೋಟ ತೊಳೆದ ದಿನಗಳನ್ನು ಅವರು ಎಷ್ಟು ಬೇಗ ಮರೆತರು ಎಂಬುದೂ ಸಣ್ಣ ಸಂಗತಿಯಲ್ಲ.

ಬೇಸಗೆಯಲ್ಲಿ ಅವರು ಕಪ್ಪು ಕಾರಿನಲ್ಲಿ ಸಿದ್ಧಕಟ್ಟೆಗೆ ಬರುತ್ತಿದ್ದರು. ಕಾರು ಗದ್ದೆಯ ಅಂಚಿಗೆ ಬಂದದ್ದು ಕೇಳಿದರೆ ಅಜ್ಜನ ಮನೆಯ ಜಗಲಿಯಲ್ಲಿದ್ದವರೆಲ್ಲ ಎದ್ದು ನಿಲ್ಲಬೇಕು. ಹೀಗೆಂದು ಯಾರೂ ಹೇಳಿದ್ದಲ್ಲ, ಆದರೂ ನಿಲ್ಲುತ್ತಿದ್ದೆವು. ನಾನಂತೂ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದೆ. ಅವರು ತರುತ್ತಿದ್ದ ಬಿಸ್ಕತ್ತಿನ ಡಬ್ಬ ಮೊದಲು ಎದ್ದವರ ಕೈಗೆ ಬರುತ್ತಿತ್ತು.

ಅಂಥ ಒಂದು ಬೇಸಗೆಯಲ್ಲಿ ಅವರು ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದಾಗ ಒಳಗಿನಿಂದ ಓದುವ ಸ್ವರ ಕೇಳಿಸಿತು. ನನ್ನ ಚಿಕ್ಕಮ್ಮ ಶಾರದೆ, ಅಮ್ಮನ ಕೊನೆಯ ತಂಗಿ, ಪೊರೆ ಬಂದು ಕಣ್ಣು ಕಾಣದಾಗಿದ್ದ ಅಜ್ಜನಿಗೆ ಪೇಪರು ಓದಿ ಹೇಳುತ್ತಿದ್ದಳು. ಆಗ ಅವಳಿಗೆ ಇಪ್ಪತ್ತು. ನಮ್ಮ ಮನೆಮಾತು ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ನಾವೆಲ್ಲ ಕನ್ನಡವನ್ನು ಹೊಸ ಬಟ್ಟೆಯ ಹಾಗೆ ಮಡಿಕೆ ಹಾಳಾಗದಂತೆ ಮಾತಾಡುವವರು. ಶಾರದ ಚಿಕ್ಕಮ್ಮನ ಬಾಯಲ್ಲಿ ಮಾತ್ರ ಅದು ದಿನಾ ಉಡುವ ಸೀರೆಯಷ್ಟು ಸಲೀಸಾಗಿತ್ತು. ಅಡಿಕೆಯ ಧಾರಣೆಯನ್ನು ಅವಳು ಓದಿದರೂ ಕೇಳುತ್ತ ಕೂರಬೇಕೆನಿಸುತ್ತಿತ್ತು. ಮಾವ ಲೋಟ ಕೆಳಗಿಟ್ಟು, ಓದುತ್ತಿರುವುದು ಯಾರು ಎಂದು ವಿಚಾರಿಸಿದರು.

ಅವರಿಗೆ ಒಂದು ಸ್ವರ ಬೇಕಾಗಿತ್ತು. ಅವರ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದ ಕನ್ನಡ ಸಿನಿಮಾದ ನಾಯಕಿ ತೆಲುಗಿನವಳು. ನೋಡಲು ಚೆಂದ, ಅಭಿನಯ ಚೆಂದ, ಬಾಯಿ ತೆರೆದರೆ ಕನ್ನಡವಿಲ್ಲ. ಅವಳ ತುಟಿಗೆ ಸರಿಯಾಗಿ ಬೇರೆಯವರು ಮಾತಾಡಬೇಕು. ಶಾರದೆ ನಲವತ್ತು ದಿವಸ ಮದ್ರಾಸಿಗೆ ಬರಲಿ, ನಮ್ಮ ಮನೆಯಲ್ಲೇ ಇರಲಿ, ನನ್ನ ಮಗಳು ಉಷಾ ಹೇಗಿದ್ದಾಳೋ ಇವಳೂ ಹಾಗೆ ಎಂದು ಅಜ್ಜನಿಗೆ ಹೇಳಿದರು. ಸಿನಿಮಾ ಎಂದ ಕೂಡಲೇ ಅಜ್ಜ ಮುಖ ಸಿಂಡರಿಸಿದರು. ಆಗ ಮಾವ ಚಿಕ್ಕಮ್ಮನ ಕಡೆ ತಿರುಗಿ ಹೇಳಿದ ಮಾತನ್ನು ನಾನು ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ಕೇಳಿದ್ದೇನೆ.

“ಹೆದರ್ಬೇಡ. ಸಿನಿಮಾ ಶುರುವಾಗುವಾಗ ಟೈಟಲಿನಲ್ಲಿ ನಿನ್ನ ಹೆಸರು ಬರ್ತದೆ. ಕಂಠದಾನ, ಶಾರದಾ, ಸಿದ್ಧಕಟ್ಟೆ ಅಂತ. ಅದು ನನ್ನ ಜವಾಬ್ದಾರಿ.”

ನಲವತ್ತು ದಿವಸದ ವರ್ಣನೆಯನ್ನು ಚಿಕ್ಕಮ್ಮ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಒಂದು ಕತ್ತಲೆ ಕೋಣೆ, ಗೋಡೆಗೆಲ್ಲ ಗೋಣಿಯಂಥ ಬಟ್ಟೆ, ಫ್ಯಾನು ಹಾಕುವ ಹಾಗಿಲ್ಲ. ಸಿನಿಮಾದ ಒಂದೊಂದು ತುಂಡನ್ನೂ ತಲೆಗೆ ಬಾಲ ಅಂಟಿಸಿ ಸುತ್ತ ಸುತ್ತ ಓಡಿಸುತ್ತಾರೆ. ಪರದೆಯ ಮೇಲೆ ನಾಯಕಿ ಮತ್ತೆ ಮತ್ತೆ ಅದೇ ಬಾಗಿಲಿನಿಂದ ಬಂದು ಅದೇ ಮಾತಿಗೆ ತುಟಿ ಅಲ್ಲಾಡಿಸುತ್ತಾಳೆ. ಆ ತುಟಿ ತೆರೆದಾಗ ತೆರೆದು ಮುಚ್ಚಿದಾಗ ಮುಚ್ಚಬೇಕು, ಅಳಬೇಕಾದಲ್ಲಿ ನಿಜವಾಗಿ ಅಳಬೇಕು. ಒಂದು ಅಳುವಿನ ದೃಶ್ಯಕ್ಕೆ ಬೆಳಗ್ಗಿನಿಂದ ಸಂಜೆಯವರೆಗೆ ಅತ್ತು, ಮರುದಿವಸ ಗಂಟಲು ಕಟ್ಟಿ, ಮಾವನ ಹೆಂಡತಿ ಮಾಡಿಕೊಟ್ಟ ಕಾಳುಮೆಣಸಿನ ಕಷಾಯ ಕುಡಿದು ಮತ್ತೆ ಹೋಗಿ ಅತ್ತಳಂತೆ. “ಅವಳು ಅತ್ತದ್ದು ಒಂದು ಸಲ, ನಾನು ಅತ್ತದ್ದು ಮೂವತ್ತು ಸಲ ಮಾರಾಯ್ತಿ” ಎಂದು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯೇ ಇರುತ್ತಿತ್ತು.

ಸಿನಿಮಾ ಬಂಟ್ವಾಳದ ಟಾಕೀಸಿಗೆ ಬಂದಾಗ ಸಿದ್ಧಕಟ್ಟೆಯಿಂದ ನಾವು ಹನ್ನೊಂದು ಜನ ಮಧ್ಯಾಹ್ನದ ಆಟಕ್ಕೆ ಹೋದೆವು. ಚಿಕ್ಕಮ್ಮ ನೀಲಿ ಸೀರೆ ಉಟ್ಟಿದ್ದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಟೈಟಲು ಶುರುವಾಯಿತು. ನಾಯಕಿಯ ಹೆಸರು ಬಂತು, ಛಾಯಾಗ್ರಾಹಕರ ಹೆಸರು ಬಂತು, ಉಡುಪು ಹೊಲಿದವರ ಹೆಸರು, ಮೀಸೆ ಅಂಟಿಸಿದವರ ಹೆಸರು ಕೂಡ ಬಂತು. ಪದ್ಮನಾಭ ರಾಯರ ಹೆಸರು ಬೇರೆ ಬೇರೆ ಕಡೆ ಮೂರು ಸಲ ಬಂತು. ಆಮೇಲೆ ನಿರ್ದೇಶಕರ ಹೆಸರು ಬಂದು ಸಿನಿಮಾ ಶುರುವಾಗಿಬಿಟ್ಟಿತು. ಮುಂದಿನ ಸಾಲಿನಲ್ಲಿದ್ದ ಅಮ್ಮ ಒಮ್ಮೆ ಹಿಂದೆ ತಿರುಗಿ ನೋಡಿದಳು. ಚಿಕ್ಕಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೊನೆಯಲ್ಲಿ ಬರಬಹುದು ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಅರ್ಧ ಸಿನಿಮಾ ಆದ ಮೇಲೆ ನಾಯಕಿ ಗಂಡನ ಎದುರು ನಿಂತು, “ನಿಮ್ಮನ್ನು ಬಿಟ್ಟರೆ ನನಗೆ ಈ ಲೋಕದಲ್ಲಿ ಇನ್ನೇನು ಉಂಟು?” ಎಂದಳು. ಟಾಕೀಸಿನ ಬೆಂಚಿನ ಕಡೆಯಿಂದ ಶಿಳ್ಳೆ ಎದ್ದಿತು. ಮೈಸೂರಿನ ಜರಿ ಸೀರೆ ಉಟ್ಟ ತೆಲುಗಿನ ಹೆಂಗಸು ನಮ್ಮ ಹಾಗೆ ‘ಉಂಟು’ ಎಂದದ್ದು ಜನರಿಗೆ ಅಷ್ಟು ಖುಷಿಯಾಗಿತ್ತು. ಮೂವತ್ತು ಸಲ ಅಳುವ ದಣಿವಿನಲ್ಲಿ ಚಿಕ್ಕಮ್ಮನ ಬಾಯಿಂದ ಜಾರಿದ ಆ ಮಾತನ್ನು ಮದ್ರಾಸಿನಲ್ಲಿ ಯಾರೂ ಗಮನಿಸಿರಲಿಲ್ಲ. ಇಡೀ ಟಾಕೀಸು ಅವಳ ಸ್ವರಕ್ಕೆ ಚಪ್ಪಾಳೆ ತಟ್ಟುತ್ತಿತ್ತು. ಅದು ಅವಳದೆಂದು ಗೊತ್ತಿದ್ದದ್ದು ನಮ್ಮ ಹನ್ನೊಂದು ಜನರಿಗೆ ಮಾತ್ರ. ಸಿನಿಮಾದ ಕೊನೆಯಲ್ಲಿ ‘ಶುಭಂ’ ಎಂದು ಬಂತು, ಬೇರೆ ಏನೂ ಬರಲಿಲ್ಲ. ಮುಂದಿನ ವಾರ ಪೇಪರಿನಲ್ಲಿ, ನಾಯಕಿ ಪರಭಾಷೆಯವಳಾದರೂ ಎಷ್ಟು ಸ್ಪಷ್ಟವಾದ ಕನ್ನಡ ಕಲಿತಿದ್ದಾಳೆ ಎಂದು ಹೊಗಳಿ ಬರೆದಿದ್ದರು. ಅದನ್ನು ಅಜ್ಜನಿಗೆ ಓದಿ ಹೇಳಿದವಳೂ ಚಿಕ್ಕಮ್ಮನೇ.

ಮುಂದಿನ ಬೇಸಗೆಯಲ್ಲಿ ಕಪ್ಪು ಕಾರು ಬಂತು. ಎಲ್ಲರೂ ಎದ್ದು ನಿಂತೆವು. ಚಿಕ್ಕಮ್ಮ ಮಜ್ಜಿಗೆಯ ಲೋಟ ಮಾವನ ಎದುರು ಇಟ್ಟು, ನಿಂತಲ್ಲೇ ಕೇಳಿದಳು.

“ಪದ್ದಣ್ಣ, ನನ್ನ ಹೆಸರು ಬರ್ಲಿಲ್ಲ ಅಲ್ವಾ?”

ಜಗಲಿಯಲ್ಲಿ ಹತ್ತು ಹದಿನೈದು ಮಂದಿ ಇದ್ದರು. ಮಾವ ನಕ್ಕರು. ಇಷ್ಟು ಜನರೆದುರು ಅವರನ್ನು ಪ್ರಶ್ನೆ ಕೇಳಿದವರು ಬಹುಶಃ ಮದ್ರಾಸಿನಲ್ಲೂ ಇರಲಿಲ್ಲ.

“ಮರ್ಯಾದಸ್ಥರ ಮನೆಯ ಹುಡುಗಿ ನೀನು. ಸಿನಿಮಾದಲ್ಲಿ ಹೆಸರು ಬಂದ್ರೆ ನಾಳೆ ನಿನ್ನನ್ನು ಮದುವೆ ಆಗುವವರು ಯಾರು? ನಾನೇ ತೆಗೆಸಿದ್ದು. ನಿನಗೆ ಉಪಕಾರ ಮಾಡಿದ್ದು ನಾನು.”

ಅಜ್ಜ ತಲೆಯಾಡಿಸಿದರು. ದೊಡ್ಡವರೆಲ್ಲ ತಲೆಯಾಡಿಸಿದರು. ನನ್ನ ಅಮ್ಮನೂ ಆಡಿಸಿದಳು. ಉಪಕಾರ! ಆ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನೀವೇ ಹೇಳಿ, ಒಬ್ಬಳ ಸ್ವರವನ್ನು ಊರಿಗೆಲ್ಲ ಕೇಳಿಸಿದರೆ ಹೋಗದ ಮರ್ಯಾದೆ ಅವಳ ಹೆಸರನ್ನು ನಾಲ್ಕು ಸೆಕೆಂಡು ತೋರಿಸಿದರೆ ಹೋಗುತ್ತದೆಯೇ? ಹೆಸರು ಬೇಡವೆಂದು ಅವಳು ಹೇಳಿದ್ದಳೇ? ಅವಳನ್ನು ಒಂದು ಮಾತು ಕೇಳಿದ್ದರೇ? ನಾಯಕಿಗೆ ಕನ್ನಡ ಬರುವುದಿಲ್ಲ ಎಂಬುದು ಹೊರಗೆ ಗೊತ್ತಾಗಬಾರದೆಂದು ನಿರ್ಮಾಪಕರು ಹೇಳಿರಬಹುದು, ಮಾವ ಒಪ್ಪಿರಬಹುದು. ಹಾಗೆಂದು ನೇರವಾಗಿ ಹೇಳಿದ್ದರೆ ಅದು ಬರೀ ಕೊಟ್ಟ ಮಾತು ತಪ್ಪಿದ್ದಾಗುತ್ತಿತ್ತು. ಮಾತು ತಪ್ಪಿದ್ದನ್ನು ಅವಳ ಮೇಲೆ ಹೊರಿಸಿದ ಋಣವಾಗಿ ಮಾಡಿದರಲ್ಲ, ಅಲ್ಲಿದೆ ಅವರ ಜಾಣತನ.

ಮದ್ರಾಸಿನಿಂದ ಚಿಕ್ಕಮ್ಮನಿಗೆ ಮತ್ತೆ ಕರೆ ಬರಲಿಲ್ಲ. ಐದು ವರ್ಷ ಕಳೆದು ಬೆಳ್ತಂಗಡಿಯ ಕಡೆಗೆ ಅವಳ ಮದುವೆಯಾಯಿತು. ಒಳ್ಳೆಯ ಗಂಡ, ಇಬ್ಬರು ಹೆಣ್ಣುಮಕ್ಕಳು, ಅಂಗನವಾಡಿಯ ಕೆಲಸ. ಅವಳು ಸುಖವಾಗಿರಲಿಲ್ಲ ಎಂದು ನಾನು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಈಗ ನನ್ನ ಸುಳ್ಳಿಗೆ ಬರುತ್ತೇನೆ. ಸ್ಟುಡಿಯೋದ ಯಜಮಾನರು ತೀರಿಹೋಗಿ ಮಕ್ಕಳು ಅದನ್ನು ಮಾರಿದ ಮೇಲೆ ಮಾವ ಊರಿಗೆ ಮರಳಿ ಬಂಟ್ವಾಳದಲ್ಲಿ ಮನೆ ಮಾಡಿದರು. ಕುರ್ಚಿ ಹೋದರೂ ಅವರು ಬಂದಲ್ಲಿ ಜನ ಎದ್ದು ನಿಲ್ಲುವುದು ಹೋಗಲಿಲ್ಲ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅವರೇ ಮುಖ್ಯ ಅತಿಥಿ. ಸನ್ಮಾನಪತ್ರ ಬರೆಯುವ ಕೆಲಸ ಕನ್ನಡ ಟೀಚರಿಗೆ ಬಂತು. ಆ ಶಾಲೆಯಲ್ಲಿ ನನ್ನ ಕೆಲಸಕ್ಕೆ ಒಂದು ಮಾತು ಹೇಳಿದ್ದವರು ಮಾವನೇ ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ನಾನು ಒಂದು ಭಾನುವಾರ ಕುಳಿತು, ಪ್ರಾಸ ಹುಡುಕಿ, ಆ ವಾಕ್ಯ ಬರೆದೆ. ಕಂಠ, ದನಿ, ಧೀಮಂತ. ಬರೆದು ನನಗೇ ಖುಷಿಯಾಯಿತು. ಸಮಾರಂಭಕ್ಕೆ ಚಿಕ್ಕಮ್ಮನೂ ಬಂದಿದ್ದಳು. ನಾನು ಓದುವಾಗ ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ಆಮೇಲೆ ಚಹಾ ಕುಡಿಯುವಾಗ, ಉಚ್ಚಾರ ಚೆನ್ನಾಗಿತ್ತು ಎಂದಳು. ಅಷ್ಟೇ ಹೇಳಿದ್ದು. ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡೆ. ನನ್ನ ದಡ್ಡತನಕ್ಕೆ ಬೇರೆ ಸಾಕ್ಷಿ ಬೇಕೇ?

ಫ್ಲೆಕ್ಸು ನೋಡಿದ ಮರುದಿವಸ ಮಾವನ ತಮ್ಮನ ಮೊಮ್ಮಗ ಸುಧೀರನಿಗೆ ಫೋನು ಮಾಡಿದೆ. ಬಿ.ಸಿ. ರೋಡಿನಲ್ಲಿ ಹೋಟೆಲು ನಡೆಸುವ ಹುಡುಗ, ಶತಮಾನೋತ್ಸವ ಸಮಿತಿಯ ಕಾರ್ಯದರ್ಶಿ. ಸಿದ್ಧಕಟ್ಟೆಯ ಹತ್ತಿರ ಮಾವನ ಹೆಸರಿನಲ್ಲಿ ರಂಗಮಂದಿರ ಕಟ್ಟಿಸಿದ್ದಾರೆ, ಮುಂದಿನ ಭಾನುವಾರ ಉದ್ಘಾಟನೆ, ನಾನೇ ಸಂಸ್ಮರಣೆಯ ಮಾತಾಡಬೇಕಂತೆ. ಮಾತಾಡುತ್ತೇನೆ, ಆದರೆ ಆ ವಾಕ್ಯ ತೆಗೆಯಬೇಕು ಎಂದೆ.

“ಅದು ನೀವೇ ಬರೆದದ್ದಲ್ವಾ ಟೀಚರೇ? ಎಷ್ಟು ಚೆಂದ ಉಂಟು. ನಾವು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಗೋಡೆಗೆ ಕೂಡ ಹಾಕಿ ಆಯ್ತು.”

ಅವನ ದನಿಯಲ್ಲಿ ಕಪಟವಿರಲಿಲ್ಲ. ವಿಷಯ ಹೇಳಿದರೆ, ಆಗಿನ ಕಾಲ ಹಾಗಿತ್ತು, ಒಳ್ಳೆಯ ಕೆಲಸ ಆಗುವಾಗ ಹಳತನ್ನು ಕೆದಕುವುದು ಯಾಕೆ ಎಂದ. ಆಗಿನ ಕಾಲದಲ್ಲೂ ಮೀಸೆ ಅಂಟಿಸಿದವನ ಹೆಸರು ಬಂದಿತ್ತು ಮಾರಾಯ ಎಂದು ನಾನು ಫೋನು ಇಟ್ಟೆ.

ಬುಧವಾರ ವೇಣೂರಿನ ದಾರಿಯಾಗಿ ಹೋಗುವ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದೆ. ಚಿಕ್ಕಮ್ಮನಿಗೆ ಈಗ ಎಂಬತ್ತು. ಮಗಳ ಮನೆಯ ಹಿಂದಿನ ಜಗಲಿಯ ಚಿಟ್ಟೆಯ ಮೇಲೆ ಕುಳಿತು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿ, ಭಾನುವಾರ ನಿನ್ನನ್ನು ಕರೆದುಕೊಂಡು ಹೋಗಿ ವೇದಿಕೆಯಲ್ಲಿ ಕೂರಿಸುತ್ತೇನೆ, ಜನ ನೋಡಲಿ ಎಂದೆ. ಅವಳು ದಂಟನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕುತ್ತಲೇ ಇದ್ದಳು.

“ನನ್ನನ್ನು ತೋರಿಸ್ಲಿಕ್ಕೆ ತೆಗೆದುಕೊಂಡು ಹೋಗ್ಬೇಡ. ಬರೆದದ್ದು ನೀನು, ನೀನೇ ಸರಿ ಮಾಡು.”

ಸರಿ, ನಿನಗೆ ಹೆಸರಿನ ಹಂಗಿಲ್ಲ, ನಿನ್ನದು ದೊಡ್ಡ ಮನಸ್ಸು ಎಂದು ನಾನು ಶುರು ಮಾಡಿದೆ. ಟೀಚರುಗಳಿಗೆ ಎಲ್ಲದಕ್ಕೂ ಒಂದು ಉಪಸಂಹಾರ ಬೇಕು. ಅವಳು ಕೈ ನಿಲ್ಲಿಸಿದಳು.

“ಹಾಗೆ ಯಾರು ಹೇಳಿದ್ದು? ನನಗೆ ಹೆಸರು ಬೇಕಿತ್ತು. ತುಂಬಾ ಬೇಕಿತ್ತು.” ಇನ್ನೊಂದು ದಂಟು ಎತ್ತಿಕೊಂಡು, “ಆಮೇಲೆ ಅಂದುಕೊಂಡೆ, ನಾನು ಅಷ್ಟೇನೂ ಚೆನ್ನಾಗಿ ಮಾಡಿರ್ಲಿಕ್ಕಿಲ್ಲ ಅಂತ. ಚೆನ್ನಾಗಿ ಮಾಡಿದ್ರೆ ಇನ್ನೊಂದಕ್ಕೆ ಕರೀತಿದ್ರಲ್ಲ?”

ನಾನು ಒಂದು ಹಿಡಿ ಸೊಪ್ಪು ಎಳೆದುಕೊಂಡು ಅವಳ ಜೊತೆ ಬಿಡಿಸತೊಡಗಿದೆ.

ಭಾನುವಾರ ಬೆಳಗ್ಗೆ ರಂಗಮಂದಿರ ತುಂಬಿತ್ತು. ಕಪ್ಪು ಕಲ್ಲಿನಲ್ಲಿ ಚಿನ್ನದ ಬಣ್ಣದ ಅಕ್ಷರಗಳಲ್ಲಿ ನನ್ನ ವಾಕ್ಯ ಹೊಳೆಯುತ್ತಿತ್ತು. ನನ್ನ ಸರದಿ ಬಂದಾಗ ಮಾವ ಲೋಟ ತೊಳೆದದ್ದರಿಂದ ಶುರು ಮಾಡಿ, ದೀಪ ಆರಿಸಿದ ಕತೆ ಹೇಳಿದೆ. ಜನ ನಕ್ಕರು. ಆಮೇಲೆ ಕಲ್ಲಿನ ಕಡೆ ಕೈ ತೋರಿಸಿ, ಆ ವಾಕ್ಯ ನನ್ನದು, ಅದು ಸುಳ್ಳು, ಅವರು ಕಂಠಕ್ಕೆ ದನಿ ಕೊಟ್ಟವರಲ್ಲ, ಒಂದು ದನಿಯ ಹೆಸರು ತೆಗೆದವರು ಎಂದು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ. ಶಾರದಾ, ಸಿದ್ಧಕಟ್ಟೆ ಎಂದು ಎರಡು ಸಲ ಹೇಳಿದೆ. ಯಾರೂ ಗಲಾಟೆ ಮಾಡಲಿಲ್ಲ, ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಮುಖ್ಯ ಅತಿಥಿಗಳು ಮೊಬೈಲು ನೋಡುತ್ತಿದ್ದರು. ನನ್ನ ನಂತರ ಬಂದ ಭಾಷಣಕಾರರು, ಟೀಚರು ಈಗಷ್ಟೇ ಹೇಳಿದ ಹಾಗೆ ರಾಯರು ಎಷ್ಟೋ ಕಂಠಗಳಿಗೆ ದನಿ ಕೊಟ್ಟವರು ಎಂದು ಶುರು ಮಾಡಿದರು. ಅವರು ಕಲ್ಲು ನೋಡಿ ಭಾಷಣ ತಯಾರು ಮಾಡಿಕೊಂಡಿದ್ದರು, ಪಾಪ. ನನಗೆ ಕುರ್ಚಿ ಎತ್ತಿ ಬಿಸಾಡಬೇಕೆನಿಸಿತು. ಎಪ್ಪತ್ತರ ಮೊಣಕಾಲು ಬಿಡಲಿಲ್ಲ.

ಊಟದ ಪಂಕ್ತಿಯಲ್ಲಿ ನನ್ನ ಎರಡೂ ಬದಿಯ ಎಲೆ ಖಾಲಿ ಇತ್ತು. ಸಾರು ಬಡಿಸುವ ಹೊತ್ತಿಗೆ ಒಬ್ಬಳು ಬಂದು ಬಲಗಡೆ ಕುಳಿತಳು. ಚೆನ್ನೈಯಿಂದ ಬಂದ ಉಷಾ, ಮಾವನ ಮಗಳು. ನನ್ನ ವಯಸ್ಸಿನವಳೇ. ಬೈಯಲು ಬಂದಳೆಂದು ನಾನು ಬೆನ್ನು ನೇರ ಮಾಡಿಕೊಂಡೆ. ಅವಳು ಎಲೆ ನೋಡಿಕೊಂಡು ಮೆಲ್ಲಗೆ ಹೇಳಿದಳು.

“ನೀನು ಅರ್ಧವೇ ಹೇಳಿದ್ದು. ಆ ಡೈರೆಕ್ಟರು ಮತ್ತೆ ಮೂರು ಸಲ ನಮ್ಮ ಮನೆಗೆ ಬಂದಿದ್ರು. ಆ ಊರಿನ ಹುಡುಗಿಯನ್ನೇ ಕರೆಸಿ ಅಂತ ಕೇಳಿದ್ರು. ಕಾಫಿ ತಂದು ಕೊಟ್ಟವಳು ನಾನು. ಅವಳಿಗೆ ಮದುವೆ ಆಯ್ತು, ಗಂಡನ ಮನೆಯವರು ಬಿಡುವುದಿಲ್ಲ ಅಂತ ಅಪ್ಪ ಹೇಳಿದ್ದು.”

ಚಿಕ್ಕಮ್ಮನಿಗೆ ಆಗ ಮದುವೆಯ ಮಾತೂ ಬಂದಿರಲಿಲ್ಲ. ಯಾಕೆ ಹಾಗೆ ಹೇಳಿದರು ಎಂದು ಕೇಳಿದೆ. ಉಷಾಳ ಅಮ್ಮ ಕೂಡ ಆಗ ಅದನ್ನೇ ಕೇಳಿದ್ದರಂತೆ. ಎಲ್ಲರೆದುರು ನನ್ನನ್ನು ಪ್ರಶ್ನೆ ಕೇಳಿದವಳು ನನ್ನ ಸ್ಟುಡಿಯೋಕ್ಕೆ ಬೇಡ ಎಂದು ಮಾವ ಹೇಳಿದರಂತೆ. ಉಷಾ ಇದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪನಲ್ಲವೇ ಎಂದಳು. ಎಲೆಯ ಮೇಲೆ ಪಾಯಸ ಬಿತ್ತು. ಇಬ್ಬರೂ ಮುಟ್ಟಲಿಲ್ಲ.

ಮರುದಿವಸವೇ ಮತ್ತೆ ಬೆಳ್ತಂಗಡಿಗೆ ಹೋದೆ. ದಾರಿಯುದ್ದಕ್ಕೂ ಹೇಳುವುದೋ ಬಿಡುವುದೋ ಎಂಬ ಗೊಂದಲ. ಎಂಬತ್ತರ ಹೆಂಗಸಿಗೆ ಇಷ್ಟು ವರ್ಷದ ಮೇಲೆ ಇದನ್ನು ಹೇಳಿ ಹೊಸ ನೋವು ಕೊಡುವುದೇ? ಕೊನೆಗೆ, ಅವಳ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡಿದ್ದು ಸಾಕು ಅನಿಸಿತು. ಹೇಳಿದೆ. ಅವಳು ಕೇಳಿ, ಯಾವ ಡೈರೆಕ್ಟರು, ಅವರೇ ಬಂದದ್ದೋ ಜನ ಕಳಿಸಿದ್ದೋ ಎಂದು ವಿಚಾರಿಸಿದಳು. ಅವರೇ ಬಂದದ್ದು ಎಂದೆ.

“ಮೂರು ಸಲವಾ?”

“ಮೂರು ಸಲ.”

ಅವಳು ಕಣ್ಣು ಮುಚ್ಚಿಕೊಂಡು ಕುಳಿತಳು. ನಾನು ನೀರು ತರಲು ಎದ್ದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು. ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು, ಮುಖ ಮಾತ್ರ ಅಳುವವರದಾಗಿರಲಿಲ್ಲ.

“ಹಾಗಾದ್ರೆ ಚೆನ್ನಾಗಿಯೇ ಇತ್ತು” ಎಂದಳು.

ಅದನ್ನು ಕೇಳಿ ನಿಮಗೆ ಸಮಾಧಾನವಾಯಿತೇ? ನನಗೆ ಆಗಲಿಲ್ಲ. ಅರವತ್ತು ವರ್ಷ ಒಬ್ಬಳು ತನ್ನ ಸ್ವರವೇ ಸಾಲದು ಎಂದುಕೊಂಡು ಬದುಕಿದಳು. ಅದು ಸುಳ್ಳೆಂದು ಗೊತ್ತಿದ್ದ ಮನುಷ್ಯ ಬೇಸಗೆ ಬೇಸಗೆಗೂ ಅವಳ ಕೈಯಿಂದ ಮಜ್ಜಿಗೆ ಕುಡಿದು ಹೋದರು. ನಾನು ಅವರಿಗೆ ಧೀಮಂತ ಎಂಬ ಶಬ್ದ ಹುಡುಕಿ ಕೊಟ್ಟೆ. ಈ ಸಿಟ್ಟು ನನಗೆ ಇಳಿಯುವುದೂ ಬೇಡ.

ಬಸ್‌ಸ್ಟ್ಯಾಂಡಿನಿಂದಲೇ ಸುಧೀರನಿಗೆ ಫೋನು ಮಾಡಿದೆ. ಮಾವನ ಹೆಸರು ಅಲ್ಲೇ ಇರಲಿ, ರಂಗಮಂದಿರವೂ ಇರಲಿ. ನನ್ನ ವಾಕ್ಯದ ಕಲ್ಲು ಇಳಿಸಿ, ಅಲ್ಲಿ ಅವಳ ಹೆಸರು, ಅವಳು ಮಾಡಿದ ಕೆಲಸ ಇಷ್ಟನ್ನು ಬರೆಸಿ ಎಂದೆ. ಉಷಾ ಕೂಡ ಚೆನ್ನೈಯಿಂದ ಅವನಿಗೆ ಇದನ್ನೇ ಹೇಳಿದ್ದಾಳೆ. ಸಮಿತಿಯಲ್ಲಿ ಕೇಳಿ ಹೇಳುತ್ತೇನೆ ಎಂದ. ಸಮಿತಿ ಇನ್ನೂ ಸೇರಿಲ್ಲ. ಒಬ್ಬರಿಗೆ ಜ್ವರ, ಒಬ್ಬರು ದುಬೈಯಲ್ಲಿ, ಒಬ್ಬರ ಮನೆಯಲ್ಲಿ ಮದುವೆ. ನಾನು ಪ್ರತಿ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಅವನಿಗೆ ಫೋನು ಮಾಡುತ್ತೇನೆ. ಮೊದಲೆಲ್ಲ ಟೀಚರೇ ಎಂದು ನಗುತ್ತ ಎತ್ತುತ್ತಿದ್ದ. ಕಳೆದ ವಾರ ಎತ್ತಲಿಲ್ಲ.

ಇವತ್ತು ಸೋಮವಾರ. ಹತ್ತಕ್ಕೆ ಇನ್ನು ಐದು ನಿಮಿಷ ಉಂಟು. ಎತ್ತದಿದ್ದರೆ ಬಿ.ಸಿ. ರೋಡಿಗೇ ಹೋಗಿ ಅವನ ಹೋಟೆಲಿನಲ್ಲಿ ಕುಳಿತುಕೊಳ್ಳುತ್ತೇನೆ.